ಒಂದೇ ಅಚ್ಚಿನ ಎರಡು ಕರಡಿಗೆ

ಆಲ್ದೂರು
19-1-2025, ಭಾನುವಾರ

ಪೂಜ್ಯ ಪಾಪಕ್ಕನವರಿಗೆ, ನಿಮ್ಮ ತಮ್ಮನ ಹೆಂಡತಿ ಬಸಮ್ಮ ಮಾಡುವ ಶರಣು.

ಮನೆಯಲ್ಲಿ ಫೋನಿದ್ದೂ ಇವಳು ಕಾಗದ ಯಾಕೆ ಬರೆದಳು ಅಂತ ನಿಮಗೆ ಅನ್ನಿಸಬಹುದು. ಫೋನಿನಲ್ಲಿ ನಿಮಗೆ ಕೇಳಿಸಬೇಕಾದರೆ ನಾನು ಕೂಗಬೇಕು. ನಾನು ಕೂಗಿದರೆ ಬೀದಿಗೆಲ್ಲ ಕೇಳಿಸುತ್ತದೆ. ಇದು ಕೂಗಿ ಹೇಳುವ ವಿಷಯವಲ್ಲ. ಏಳನೇ ಕ್ಲಾಸಿಗೆ ನಿಂತ ಕೈ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡಿ.

ಇಲ್ಲಿ ಎಲ್ಲ ಕ್ಷೇಮ. ರೋಬಸ್ಟಾ ಕಾಫಿ ಹಣ್ಣಾಗಿದೆ, ತಂಗಮ್ಮ ಐದಾರು ಜನರನ್ನು ಕರೆದುಕೊಂಡು ಕುಯ್ಲಿಗೆ ಬರುತ್ತಿದ್ದಾಳೆ. ಕಲ್ಲೇಶ್ ಟೈಲ್ಸ್ ಅಂಗಡಿಗೆ ಹೋಗಿಬಂದು ಮಾಡುತ್ತಾನೆ. ತೋಟದ ಮೇಲ್ಗಡೆ ತನ್ನ ಅಪ್ಪನನ್ನು ಇಟ್ಟ ಜಾಗಕ್ಕೆ ಯುಗಾದಿಯೊಳಗೆ ಗ್ರಾನೈಟ್ ಗದ್ದುಗೆ ಕಟ್ಟಿಸಲೇಬೇಕು ಅಂತ ಕೂತಿದ್ದಾನೆ. ಕಲ್ಲಿಗೆ ಹೇಳಿಯೂ ಆಗಿದೆ.

ವಿಷಯಕ್ಕೆ ಬರುತ್ತೇನೆ. ಇಷ್ಟು ಬರೆದು ಎರಡು ಸಲ ಎದ್ದು ಹೋಗಿ ನೀರು ಕುಡಿದು ಬಂದೆ.

ನವೆಂಬರಿನಲ್ಲಿ ಇವರನ್ನು ಆಸ್ಪತ್ರೆಗೆ ಸೇರಿಸಿದಾಗ ತಲೆಯ ಸ್ಕ್ಯಾನ್ ಮಾಡಬೇಕು, ಮೈಮೇಲೆ ಬೆಳ್ಳಿ ಬಂಗಾರ ಏನೂ ಇರಬಾರದು ಅಂದರು. ಲಿಂಗವಿದ್ದ ಕರಡಿಗೆಯನ್ನು ಇವರು ಪೂಜೆಯ ಹೊತ್ತಿಗಲ್ಲದೆ ಕೊರಳಿನಿಂದ ತೆಗೆದವರಲ್ಲ. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು, ಆದರೂ "ಜೋಪಾನ ಕಣೇ" ಅಂದದ್ದು ನನಗೆ ತಿಳಿಯಿತು. ನಾನು ಅದನ್ನು ನನ್ನ ಕೊರಳಿಗೇ ಹಾಕಿಕೊಂಡೆ. ನಮ್ಮ ಮದುವೆಯಲ್ಲಿ ಒಬ್ಬನೇ ಪತ್ತಾರ ಮಾಡಿಕೊಟ್ಟ ಕರಡಿಗೆಗಳು, ಒಂದೇ ಅಚ್ಚು. ಮೂರು ದಿನ ಎರಡೂ ನನ್ನ ಎದೆಯ ಮೇಲೆ ಒಂದಕ್ಕೊಂದು ತಾಗಿ ಟಿಕ್ ಟಿಕ್ ಅನ್ನುತ್ತಿದ್ದವು.

ಇವರ ಉಸಿರು ನಿಂತ ಮೇಲೆ ಮನೆಗೆ ತಂದು, ಸ್ನಾನ ಮಾಡಿಸಿ, ಕೂರಿಸಿದ ಮೇಲೆ ನೀವು ನನ್ನ ಕಡೆ ಕೈ ಚಾಚಿ "ಲಿಂಗ ಕೊಡೇ" ಅಂದಿರಿ. ನಾನು ಒಂದು ತೆಗೆದು ಕೊಟ್ಟೆ. ಯಾವುದು ಅಂತ ನೋಡಲಿಲ್ಲ.

ಮಾರನೇ ದಿನ ಬೆಳಿಗ್ಗೆ ಪೂಜೆಗೆ ಕೂತು ಕರಡಿಗೆ ಬಿಚ್ಚಿದೆ. ಅಂಗೈಯಲ್ಲಿ ಇಟ್ಟ ಕೂಡಲೇ ಗೊತ್ತಾಯಿತು. ಎಂಟು ವರ್ಷದವಳಿದ್ದಾಗ ನನ್ನ ತವರು ಜಾವಳಿಯಲ್ಲಿ ದೀಕ್ಷೆ ಕೊಟ್ಟು ಕಟ್ಟಿದ ಲಿಂಗ ನನ್ನದು, ಒಂದು ಮಗ್ಗುಲು ಸ್ವಲ್ಪ ಚಪ್ಪಟೆ. ಇದು ಗುಂಡಗಿತ್ತು. ಕೊರಳಿಗೆ ಕಟ್ಟಿದ್ದು ಮಣ್ಣಿಗೆ ಹೋಗುವಾಗ ಅಂಗೈಯಲ್ಲಿ ಇರಬೇಕು ಅಂತ ನನಗೆ ಹೇಳಿಕೊಟ್ಟವರು ನೀವು. ಅವರ ಅಂಗೈಯಲ್ಲಿ ನನ್ನದಿದೆ ಅಕ್ಕ. ನನ್ನ ಕೊರಳಲ್ಲಿ ಅವರದಿದೆ.

ಅವರ ಲಿಂಗಕ್ಕೆ ನಾನು ಪೂಜೆ ಮಾಡುವ ಹಾಗಿಲ್ಲ. ನನ್ನದು ಇಲ್ಲ. ಕಲ್ಲೇಶನಿಗೆ ಗೊತ್ತಾಗಬಾರದು ಅಂತ ದಿನವೂ ವಿಭೂತಿ ಹಚ್ಚಿ, ಹಿಂದಿನ ಜಗಲಿಯಲ್ಲಿ ಮಣೆ ಹಾಕಿಕೊಂಡು, ಬರೀ ಅಂಗೈ ಹಿಡಿದು ಕೂರುತ್ತೇನೆ. ಪೂಜೆ ಮಾಡದೆ ಬಾಯಿಗೆ ನೀರು ಹಾಕದವಳು ಎರಡು ತಿಂಗಳಿಂದ ಉಣ್ಣುತ್ತಿದ್ದೇನೆ. ನಿಮಗೆ ಹೇಳಲು ಭಯ, ಹೇಳದಿರಲೂ ಭಯ.

ಕಲ್ಲು ಕೂರಿಸಿದರೆ ಆ ಜಾಗ ಮುಚ್ಚಿದ ಹಾಗೆ. ಅಷ್ಟರೊಳಗೆ ಏನು ಮಾಡಲಿ? ಅಗೆಸಬೇಕೇ? ಬೈದರೂ ಸರಿ, ಬರೆಯಿರಿ.

ನಿಮ್ಮ ಪಾದಕ್ಕೆ ನಮಸ್ಕರಿಸುವ,
ಬಸಮ್ಮ


ಆಲ್ದೂರು
28-2-2025

ಪಾಪಕ್ಕನವರಿಗೆ ಶರಣು.

ನಲವತ್ತು ದಿನವಾಯಿತು, ನಿಮ್ಮಿಂದ ಒಂದು ಸಾಲೂ ಇಲ್ಲ. ಪೋಸ್ಟಿನವನನ್ನು ಕೇಳಿದೆ. "ಕಳಸಕ್ಕೆ ಯಾವತ್ತೋ ಮುಟ್ಟಿರ್ತದೆ ಬಸಮ್ಮೋರೇ, ಉತ್ರ ಬರೆಯೋರಿಗೆ ಮನ್ಸು ಬರ್ಬೇಕಷ್ಟೆ" ಅಂದ. ನಿಮಗೆ ಸಿಟ್ಟು ಬಂದಿದೆ ಅಂತ ತಿಳಿದುಕೊಂಡಿದ್ದೇನೆ. ಬರಬೇಕಾದದ್ದೇ.

ಮೊನ್ನೆ ಶಿವರಾತ್ರಿ. ಉಪವಾಸ ಮಾಡಿದೆ, ಜಾಗರಣೆ ಮಾಡಿದೆ, ಪೂಜೆ ಮಾಡಲಿಲ್ಲ. ಇಂಥ ಶಿವರಾತ್ರಿ ನನ್ನ ಜನ್ಮದಲ್ಲಿ ಇಲ್ಲ. ಆದರೆ ಅವತ್ತು ಒಂದು ಕೆಲಸ ಆಯಿತು, ಅದನ್ನೂ ನಿಮಗೆ ಹೇಳಿಬಿಡಬೇಕು.

ಬೆಳಿಗ್ಗೆ ಜಗಲಿಯಲ್ಲಿ ಕೂತಿದ್ದೆ, ಕಣ್ಣು ಮುಚ್ಚಿ, ಎಡಗೈ ಬಿಚ್ಚಿ. ತಂಗಮ್ಮ ಕಾಫಿಹಣ್ಣಿನ ಬುಟ್ಟಿ ಹೊತ್ತುಕೊಂಡು ಆ ಕಡೆ ಹೋಗುತ್ತಿದ್ದವಳು ನಿಂತಳು.

"ಏನಮ್ಮಾ, ಬಸ್‌ಸ್ಟ್ಯಾಂಡಲ್ಲಿ ಕೂತಂಗೆ ಕೈ ಚಾಚ್ಕಂಡು ಕೂತಿದ್ದೀರಿ! ಯಾರಾದ್ರೂ ಚಿಲ್ರೆ ಹಾಕಿದ್ರಾ?"

ನನಗೆ ಮೈಯೆಲ್ಲ ಬಿಸಿಯಾಯಿತು. ಕಣ್ಣು ಬಿಡದೆ, "ಹೋಗೇ ಅತ್ಲಾಗೆ, ಪೂಜೆ ಮಾಡ್ತಿದ್ದೀನಿ" ಅಂದೆ.

"ಕೈಯಲ್ಲಿ ಏನೂ ಕಾಣಾಕಿಲ್ವಲ್ಲ. ತಗಳಿ ಮತ್ತೆ, ಸುಮ್ನೆ ಯಾಕೆ ಖಾಲಿ ಕೂತಿರ್ಬೇಕು ಅದು" ಅಂತ ಮಡಿಲಿನಿಂದ ಒಂದು ಕಿತ್ತಳೆ ತೆಗೆದು ಅಂಗೈಗೆ ಇಟ್ಟಳು. "ಮರದಲ್ಲಿ ಇದೇ ಕೊನೇದು. ಮಂಗನ ಬಾಯಿಂದ ತಪ್ಸಿ ತಂದೀನಿ."

ತಂಪಾಗಿತ್ತು ಅಕ್ಕ. ಕಣ್ಣು ಬಿಟ್ಟೆ. ಅವಳು ಸೊಂಟದ ಮೇಲೆ ಕೈ ಇಟ್ಟುಕೊಂಡು ದೊಡ್ಡ ಉಪಕಾರ ಮಾಡಿದವಳ ಹಾಗೆ ನಿಂತಿದ್ದಳು. ನನಗೆ ನಗು ಬಂತು. ಬಂದದ್ದು ನಿಲ್ಲಲೇ ಇಲ್ಲ. ಅವಳೂ ನಕ್ಕಳು, ಯಾಕೆ ಅಂತ ಅವಳಿಗೂ ಗೊತ್ತಿಲ್ಲ. ಇವರು ಹೋದ ಮೇಲೆ ನಾನು ನಕ್ಕಿದ್ದು ಅದೇ ಮೊದಲು. ಆಮೇಲೆ ಆ ಕಿತ್ತಳೆಯನ್ನು ಸಿಪ್ಪೆ ಸುಲಿದು ಒಂದೊಂದೇ ತೊಳೆ ತಿಂದೆ. ಹುಳಿ ಇತ್ತು, ಸಿಹಿಯೂ ಇತ್ತು.

ಲಿಂಗ ಇಡಬೇಕಾದ ಅಂಗೈಯಲ್ಲಿ ಕಿತ್ತಳೆ ಇಟ್ಟುಕೊಂಡು ಶಿವರಾತ್ರಿಯ ದಿನ ನಕ್ಕೆ. ಇದು ಇನ್ನೊಂದು ಪಾಪವೋ ಏನೋ, ನನಗೆ ತಿಳಿಯದು. ಕಲ್ಲು ಮುಂದಿನ ತಿಂಗಳು ಬರುತ್ತದಂತೆ.

ನಿಮ್ಮ ಉತ್ತರ ಕಾಯುವ,
ಬಸಮ್ಮ


ಕಳಸ
9-3-2025

ಬಸಮ್ಮ,

ಇಷ್ಟು ವರ್ಷ ನಿನಗೆ "ಸೌಭಾಗ್ಯವತಿ" ಅಂತ ಬರೆಯುತ್ತಿದ್ದೆ. ಈಗ ಏನು ಬರೆಯಬೇಕೋ ತಿಳಿಯದೆ ಅರ್ಧ ಗಂಟೆ ಕೂತೆ. ಬಸಮ್ಮ ಅಂತಲೇ ಬರೆದಿದ್ದೇನೆ. ಅದು ಯಾರೂ ತೆಗೆಯಲಾಗದ ಹೆಸರು.

ನಿನ್ನ ಎರಡೂ ಕಾಗದ ಬಂದವು. ಮೊದಲನೆಯದನ್ನು ಓದಲು ನನಗೆ ನಾಲ್ಕು ದಿನ ಹಿಡಿಯಿತು. ಎರಡು ಕಣ್ಣಿಗೂ ಪೊರೆ ಬಂದು ಎರಡು ವರ್ಷವಾಗಿತ್ತು. ಯಾರಿಗೂ ಹೇಳಿರಲಿಲ್ಲ, ಮಗಳು ರಜನಿಗೂ. ಕಿವಿ ಹೋಗಿದ್ದು ಎಲ್ಲರಿಗೂ ಗೊತ್ತು, ಕಣ್ಣೂ ಹೋಯಿತು ಅಂದರೆ ಮೂಲೆಯಲ್ಲಿ ಕೂರಿಸುತ್ತಾರೆ ಅಂತ.

ಅವತ್ತು ನೀನು ಕೊಟ್ಟ ಕರಡಿಗೆ ಬಿಚ್ಚಿ ಷಡಕ್ಷರಿಯ ಅಂಗೈಗೆ ಲಿಂಗ ಇಟ್ಟವಳು ನಾನು. ಅವನು ನಾನು ಎತ್ತಿ ಆಡಿಸಿದ ತಮ್ಮ. ಅವನ ಲಿಂಗ ನಾನು ಕಾಣದ್ದಲ್ಲ. "ನೋಡಿ ಇಡಿ ತಾಯಿ" ಅಂದರು ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು. "ನೋಡಿದೆ" ಅಂದೆ. ಸುಳ್ಳು. ನನಗೆ ಬೆಳ್ಳಗೆ ಮಂಜು ಬಿಟ್ಟು ಏನೂ ಕಾಣುತ್ತಿರಲಿಲ್ಲ. ಊರಿಗೆಲ್ಲ ಶಾಸ್ತ್ರ ಹೇಳಿ ಬೈಯುವ ಪಾಪಕ್ಕ ಅಷ್ಟು ಜನರೆದುರು "ನನಗೆ ಕಾಣುವುದಿಲ್ಲ" ಅಂತ ಹೇಗೆ ಹೇಳಲಿ? ನೀನು ನೋಡದೆ ಕೊಟ್ಟೆ, ನಾನು ನೋಡದೆ ಇಟ್ಟೆ. ನಿನಗಾದರೂ ದುಃಖ ಇತ್ತು. ನನಗೆ ಇದ್ದದ್ದು ಬಿಂಕ.

ಅದಕ್ಕೇ ಉತ್ತರ ಬರೆಯಲು ಮುಖವಿರಲಿಲ್ಲ. ಕೊನೆಗೆ ರಜನಿಗೆ ಹೇಳಿ ಆಪರೇಷನ್ ಮಾಡಿಸಿಕೊಂಡೆ. ಬಲಗಣ್ಣು ಆಯಿತು, ಎಡಗಣ್ಣು ಮಳೆ ಕಳೆದ ಮೇಲೆ. ಈಗ ಎಲ್ಲ ಕಾಣುತ್ತದೆ. ರಜನಿಯ ಅಡುಗೆಮನೆಯ ಜೇಡರಬಲೆಯೂ ಕಾಣುತ್ತದೆ, ಅವಳಿಗೆ ಅದೇ ಕಷ್ಟವಾಗಿದೆ.

ಅಗೆಸುವ ಮಾತು ಇನ್ನೊಮ್ಮೆ ಎತ್ತಬೇಡ. ಕಲ್ಲು ನಿಲ್ಲಿಸು. ಮಗನಿಗೆ ನೀನೇ ಹೇಳು, ನನ್ನ ಕಣ್ಣಿನ ವಿಷಯವನ್ನೂ ಸೇರಿಸಿ ಹೇಳು. ಆಮೇಲೆ ಇಬ್ಬರೂ ಓಂಕಾರಮೂರ್ತಿ ಅಯ್ಯನವರ ಹತ್ತಿರ ಹೋಗಿ.

ಕಿತ್ತಳೆ ತಿಂದದ್ದು ಪಾಪವಲ್ಲ ಮಾರಾಯ್ತಿ. ನನ್ನ ಗಂಡ ಹೋದಾಗ ನಾನು ಎರಡು ವರ್ಷ ನಗಲಿಲ್ಲ. ಆ ಎರಡು ವರ್ಷದಿಂದ ಸತ್ತವರಿಗೂ ಏನೂ ಸಿಗಲಿಲ್ಲ, ಇದ್ದವರಿಗೂ ಸಿಗಲಿಲ್ಲ.

ಆಶೀರ್ವಾದಗಳೊಂದಿಗೆ,
ಪಾಪಮ್ಮ


ಆಲ್ದೂರು
27-3-2025

ಪಾಪಕ್ಕನವರಿಗೆ ಶರಣು.

ನಿಮ್ಮ ಕಾಗದ ಓದಿ ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಓದಿದೆ. ಹೇಳಿದ ಹಾಗೆ ಮಾಡಿದ್ದೇನೆ.

ಕಲ್ಲೇಶ್ ರೊಟ್ಟಿ ತಿನ್ನುತ್ತಿದ್ದಾಗ, "ಆ ಕಲ್ಲು ಸ್ವಲ್ಪ ದಿನ ಬ್ಯಾಡ ಕಣೋ" ಅಂದೆ.

"ಯಾಕಮ್ಮಾ? ಬಣ್ಣ ಹಿಡಿಸ್ಲಿಲ್ವಾ? ಕೆಂಪು ಬ್ಯಾಡಂದ್ರೆ ಕಪ್ಪು ತರಿಸ್ತೀನಿ."

ಎಲ್ಲ ಹೇಳಿದೆ. ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು.

"ಅಂದ್ರೆ ನಾಲ್ಕು ತಿಂಗ್ಳಿಂದ ಬೆಳಿಗ್ಗೆ ನೀನು ಕೂತ್ಕೊಳ್ಳೋದು..."

"ಸುಮ್ನೆ ಕೂತ್ಕೊಳ್ಳೋದು."

"ನಿನ್ ಪೂಜೆಗೆ ತೊಂದ್ರೆ ಆಗ್ಬಾರ್ದು ಅಂತ ನಾನು ಮಿಕ್ಸಿ ಹಾಕ್ತಿರ್ಲಿಲ್ಲ! ಒರಳಲ್ಲಿ ಚಟ್ನಿ ಅರೆದಿದೀನಿ ಕಣಮ್ಮಾ, ಒರಳಲ್ಲಿ!"

ಬೈಯುತ್ತಾನೋ ಅಳುತ್ತಾನೋ ತಿಳಿಯಲಿಲ್ಲ. ಎದ್ದು ಕೈ ತೊಳೆದು ತೋಟದ ಕಡೆ ಹೋದ. ಬಹಳ ಹೊತ್ತಿನ ಮೇಲೆ ಬಂದು ಬಾಗಿಲಲ್ಲಿ ನಿಂತು, "ಅಪ್ಪನ್ನ ಬರಿಗೈಯಲ್ಲಿ ಕಳ್ಸಿಲ್ವಲ್ಲ, ಬಿಡು" ಅಂದ. ಅವನ ಬಾಯಲ್ಲಿ ಅಂಥ ಮಾತು ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಅಯ್ಯನವರ ಮನೆಗೆ ಹೋದಾಗ ಅವರು ಅಂಗಳದಲ್ಲಿ ಮೆಣಸು ಹರವುತ್ತಿದ್ದರು. ಪೂರ್ತಿ ಕೇಳಿದರು. ಸಿಟ್ಟು ಮಾಡಲಿಲ್ಲ. "ಅಗೆಯೋದು ಬ್ಯಾಡ ತಾಯಿ. ಅವನ ಕೈಗೆ ಕೊಟ್ಟಿದ್ದು ಕೊಟ್ಟಾಯ್ತು, ಅಲ್ಲೇ ಇರ್ಲಿ. ನಿಮಗೆ ಬೇರೆ ದೀಕ್ಷೆ ಮಾಡಿ ಬೇರೆ ಲಿಂಗ ಕಟ್ತೀನಿ. ಆದ್ರೆ ಅವನದು ಅವನಿಗೆ ಸೇರ್ಬೇಕು. ಗದ್ದುಗೆ ತಲೆಕಡೆ ಒಂದು ಮೊಳ ಮಣ್ಣು ತೆಗ್ದು ಇಟ್ಬಿಡಾಣ. ಅದು ಆಗದೆ ಇದು ಆಗಾಂಗಿಲ್ಲ."

ನಾನು "ಆಗಲಿ, ನೋಡೋಣ" ಅಂದು ಬಂದೆ. ಈಗ ಯುಗಾದಿ ಹತ್ತಿರ ಬಂತು, ಮನೆ ಸುಣ್ಣ ಬಳಿಯಬೇಕು. ಕಲ್ಲೇಶನಿಗೂ ಅಂಗಡಿಯಲ್ಲಿ ಲೋಡ್ ಬರುವ ಸಮಯ. ಬಿಸಿಲೂ ಜಾಸ್ತಿ, ನಿಮಗೆ ಬಸ್ಸಿನಲ್ಲಿ ಬರಲು ಕಷ್ಟ. ದಿನವೂ ಒಳ್ಳೆಯದು ನೋಡಬೇಕು. ನಿಧಾನವಾಗಿ ಮಾಡಿದರಾಯಿತು.

ಹದಿನೈದರಂದು ಒಳ್ಳೆಯ ಮಳೆ ಬಿತ್ತು, ಈಗ ತೋಟವೆಲ್ಲ ಹೂವಾಗಿದೆ. ಮೂವತ್ತು ವರ್ಷ ಹೂವಾದಾಗಲೆಲ್ಲ ನಾವಿಬ್ಬರೂ ಆಕಾಶ ನೋಡುತ್ತಿದ್ದೆವು, ಇನ್ನೊಂದು ಮಳೆ ಬರುತ್ತದೋ ಇಲ್ಲವೋ ಅಂತ. ಹೂವನ್ನು ನೋಡಿರಲಿಲ್ಲ. ಈ ವರ್ಷ ಬರೀ ಕೈಯಲ್ಲಿ ಕೂತವಳಿಗೆ ಬೇರೆ ಕೆಲಸವಿಲ್ಲವಲ್ಲ, ನೋಡಿದೆ. ಗಿಡದ ರೆಂಬೆಗಳು ಬಗ್ಗಿ ಕೂತಿದ್ದವು, ಜೇನು ಗುಂಯ್ ಅನ್ನುತ್ತಿತ್ತು. ಬಾಯಿಯಲ್ಲಿ ತಾನಾಗೇ "ಶಿವಶಿವಾ" ಅಂತ ಬಂತು. ಮಂತ್ರವಲ್ಲ ಅದು, ಬೆರಗಿಗೆ ಬಂದದ್ದು. ಆದರೂ ಬಹಳ ದಿನದ ಮೇಲೆ ಆ ಹೆಸರು ನನ್ನ ಬಾಯಿಗೆ ಬಂತು.

ಇಂತಿ,
ಬಸಮ್ಮ


ಕಳಸ
5-4-2025

ಬಸಮ್ಮ,

ನಿನ್ನ ಕಾಗದದಲ್ಲಿ ನೆಪ ಎಷ್ಟಿವೆ ಅಂತ ನೋಡಿದೆ. ಸುಣ್ಣ, ಲೋಡು, ಬಿಸಿಲು, ಒಳ್ಳೆಯ ದಿನ. ಹೊಸ ಕಣ್ಣು, ಚೆನ್ನಾಗಿ ಕಾಣುತ್ತದೆ.

ಒಂದು ಮಾತು ಕೇಳುತ್ತೇನೆ. ನೀನು ಮಾರನೇ ದಿನವೇ ಕಂಡುಕೊಂಡೆ. ಆಗ ನಾನು ಪಕ್ಕದ ಕೋಣೆಯಲ್ಲಿದ್ದೆ. ಅಯ್ಯನವರು ಎರಡು ಫರ್ಲಾಂಗು ದೂರದಲ್ಲಿದ್ದರು. ಹೇಳಲಿಲ್ಲ. ಎರಡು ತಿಂಗಳು ಹೇಳಲಿಲ್ಲ. ಭಯ ಅಂತ ಬರೆದಿದ್ದೆ. ನಾನು ಒಪ್ಪುವುದಿಲ್ಲ. ನನಗೆ ಹೆದರುವವಳಾಗಿದ್ದರೆ ಮೂವತ್ತು ವರ್ಷದಲ್ಲಿ ಒಂದು ಸಲವಾದರೂ ನಾನು ಹೇಳಿದಷ್ಟು ಹುಳಿಯನ್ನು ಸಾರಿಗೆ ಹಾಕುತ್ತಿದ್ದೆ.

ನಿನಗೆ ಅದನ್ನು ಬಿಡಲು ಮನಸ್ಸಿಲ್ಲ. ಹೌದೋ ಅಲ್ಲವೋ, ಅಷ್ಟೇ ಬರೆ.

ಪಾಪಮ್ಮ


ಆಲ್ದೂರು
12-4-2025

ಅಕ್ಕ,

ಹೌದು.

ಅವರ ಬಟ್ಟೆಯೆಲ್ಲ ಒಗೆದು ಕೊಟ್ಟೆ. ಹಾಸಿಗೆ ಬಿಸಿಲಿಗೆ ಹಾಕಿದೆ. ಅವರ ವಾಸನೆ ಇನ್ನು ಎಲ್ಲಿಯೂ ಇಲ್ಲ, ಈ ಕರಡಿಗೆಯೊಳಗೆ ಮಾತ್ರ ಇದೆ. ವಿಭೂತಿ, ಸ್ವಲ್ಪ ಬೆವರು. ಬಗ್ಗಿ ಕಸ ಗುಡಿಸುವಾಗ ಅದು ಎದೆಗೆ ತಾಗುತ್ತದೆ, ಆಗ ಮನೆಯಲ್ಲಿ ಇನ್ನೂ ಇಬ್ಬರಿದ್ದ ಹಾಗೆ ಅನ್ನಿಸುತ್ತದೆ. ತಪ್ಪಾಯಿತು ತಪ್ಪಾಯಿತು ಅಂತ ಅತ್ತೆನಲ್ಲ, ಆ ತಪ್ಪನ್ನೇ ಸೆರಗಿಗೆ ಗಂಟು ಹಾಕಿಕೊಂಡಿದ್ದೆ. ಅದನ್ನು ಕೊಟ್ಟರೆ ಅವರು ಹೋದದ್ದು ಪೂರ್ತಿ ಆಗುತ್ತದೆ ಅಂತ.

ಬಸವ ಜಯಂತಿಗೆ ಬನ್ನಿ. ಅಯ್ಯನವರಿಗೆ ಹೇಳುತ್ತೇನೆ. ನೀವೇ ನನ್ನ ಕೊರಳಿನಿಂದ ತೆಗೆದುಕೊಳ್ಳಬೇಕು. ನಾನಾಗಿ ಬಿಚ್ಚಲಾರೆ.

ಬಸಮ್ಮ


ಆಲ್ದೂರು
11-5-2025, ಭಾನುವಾರ

ಪಾಪಕ್ಕನವರಿಗೆ ಬಸಮ್ಮನ ಶರಣು.

ನೀವು ಕ್ಷೇಮವಾಗಿ ಮುಟ್ಟಿದ್ದು ರಜನಿ ಫೋನ್ ಮಾಡಿ ಹೇಳಿದಳು. ನಾನು ಕಳಿಸಿದ ಹಪ್ಪಳಕ್ಕೆ ಉಪ್ಪು ಜಾಸ್ತಿ ಅಂದಿರಂತೆ, ಅದನ್ನೂ ಹೇಳಿದಳು.

ಅವತ್ತು ಜನರ ಮುಂದೆ ಹೇಳಲಾಗದ್ದನ್ನು ಈಗ ಬರೆಯುತ್ತೇನೆ. ನೀವು ಕೈ ಚಾಚಿ ನಿಂತಿರಿ. ನೀವೇ ತೆಗೆದುಕೊಳ್ಳುತ್ತೀರಿ ಅಂತ ನಾನು ಕೊರಳು ಬಗ್ಗಿಸಿದೆ. ನೀವು ತೆಗೆಯಲಿಲ್ಲ. ಕೈ ಚಾಚಿಕೊಂಡೇ ಇದ್ದಿರಿ. ಅಯ್ಯನವರು ಮಂತ್ರ ಮುಗಿಸಿದರು, ಕಲ್ಲೇಶ್ ಹಾರೆ ಹಿಡಿದು ನಿಂತಿದ್ದ, ನೀವು ಕೈ ಇಳಿಸಲೇ ಇಲ್ಲ. ಆಗ ನನಗೆ ನಿಮ್ಮ ಮೇಲೆ ಎಂಥ ಸಿಟ್ಟು ಬಂತು ಅಂದರೆ, ಆ ಸಿಟ್ಟಿನಲ್ಲೇ ಶಿವದಾರ ಬಿಚ್ಚಿ ನಿಮ್ಮ ಅಂಗೈಗೆ ಇಟ್ಟೆ. ಇಟ್ಟ ಮೇಲೆ ತಿಳಿಯಿತು, ನೀವು ಯಾಕೆ ತೆಗೆಯಲಿಲ್ಲ ಅಂತ. ಬೇರೆಯವರು ಕಿತ್ತುಕೊಂಡಿದ್ದರೆ ನಾನು ಸಾಯುವವರೆಗೂ ಕಳೆದುಕೊಂಡೆ ಅನ್ನುತ್ತಿದ್ದೆ. ಈಗ ಕೊಟ್ಟೆ ಅನ್ನಬಹುದು.

ನೀವು ಲಿಂಗವನ್ನು ಹೊರಗೆ ತೆಗೆದು, ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿ, "ಇದು ನನ್ ತಮ್ಮನದೇ ಅಯ್ಯನೋರೇ. ಈ ಸಲ ನಿಜವಾಗ್ಲೂ ನೋಡ್ದೆ" ಅಂದಾಗ ಪಕ್ಕದ ಮನೆಯವರೆಲ್ಲ ಮುಖ ಮುಖ ನೋಡಿಕೊಂಡರು. ನೀವು ಎಲ್ಲರೆದುರು ಅದನ್ನು ಹೇಳುತ್ತೀರಿ ಅಂತ ನಾನು ಎಣಿಸಿರಲಿಲ್ಲ.

ಹೊಸ ಲಿಂಗದ ವಿಷಯ ನೀವು ಕೇಳಿದ್ದಿರಿ. ಸುಳ್ಳು ಹೇಳುವುದಿಲ್ಲ. ಮೊದಲ ವಾರ ಅದು ನನಗೆ ಗುರುತಿಲ್ಲದ ನೆಂಟರ ಹಾಗಿತ್ತು. ಅಂಗೈಯಲ್ಲಿ ಕೂರುತ್ತಿರಲಿಲ್ಲ, ಹಗುರ ಅನ್ನಿಸುತ್ತಿತ್ತು. ವಿಭೂತಿ ಹಚ್ಚಿ, ಪತ್ರೆ ಇಟ್ಟು, ನೋಡುತ್ತಾ ಕೂತರೆ ಏನೂ ಇಲ್ಲ, ಬರೀ ಕಪ್ಪು ಕಲ್ಲು. ದಿನವೂ ಕೂತೆ. ಅಯ್ಯನವರು "ನಿಮಗೆ ಬೇಕಾದಾಗ ಬರೋಕೆ ಅವನೇನು ನಿಮ್ಮನೆ ಆಳಾ ತಾಯಿ? ನೀವು ಕೂತ್ಕಳಿ" ಅಂದಿದ್ದರು.

ಇವತ್ತು ಬೆಳಿಗ್ಗೆ ಹಾಗೇ ಕೂತಿದ್ದೆ. ಎಷ್ಟು ಹೊತ್ತು ಅಂತ ತಿಳಿಯಲಿಲ್ಲ. ಕಣ್ಣು ತೆಗೆದಾಗ ಬಿಸಿಲು ಮಣೆಯವರೆಗೆ ಬಂದಿತ್ತು. ಅಷ್ಟು ಹೊತ್ತು ನನಗೆ ಬೇಡುವುದಕ್ಕೆ ಏನೂ ಇರಲಿಲ್ಲ, ಅಳುವುದಕ್ಕೂ ಏನೂ ಇರಲಿಲ್ಲ. ಇವರ ನೆನಪೂ ಬರಲಿಲ್ಲ ಅಕ್ಕ. ಏಳುವಾಗ ಅದು ಗೊತ್ತಾಗಿ ಹೆದರಿದೆ. ಆರು ತಿಂಗಳಿಗೇ ಮರೆತೆನೇ ಅಂತ.

ಅದೇ ಭಯದಲ್ಲಿ ಅಡುಗೆಮನೆಗೆ ಹೋಗಿ, ತಂಗಮ್ಮ ತಂದಿಟ್ಟಿದ್ದ ಹಲಸಿನ ಹಣ್ಣು ಬಿಡಿಸೋಣ ಅಂತ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡೆ. ಹಣ್ಣು ಸೀಳಿದ್ದೇ ತಡ, ನಮ್ಮ ಮದುವೆಯಾದ ವರ್ಷ ನೆನಪಿಗೆ ಬಂತು. ನನ್ನೆದುರು ಜಂಬ ತೋರಿಸಲು ಇವರು ಎಣ್ಣೆ ಹಚ್ಚದೆ ಹಲಸು ಬಿಡಿಸಿ, ಆಮೇಲೆ ಮೀಸೆ ತಿರುವಿದರು. ಕೈ ಮೀಸೆಗೆ ಅಂಟಿತು. ಬಿಡಿಸಲು ಇನ್ನೊಂದು ಕೈ ಹಾಕಿದರು, ಅದೂ ಅಂಟಿತು. ಎರಡೂ ಕೈ ಮೂಗಿನ ಕೆಳಗೆ ಇಟ್ಟುಕೊಂಡು "ನಗ್ಬ್ಯಾಡ್ವೇ, ಎಣ್ಣೆ ತಾರೇ" ಅಂತ ಅಂಗಳದಲ್ಲಿ ಕುಣಿದರು. ಕೊನೆಗೆ ಅರ್ಧ ಮೀಸೆ ಕತ್ತರಿಸಬೇಕಾಯಿತು. ನಾನು ಒಬ್ಬಳೇ ಅಡುಗೆಮನೆಯಲ್ಲಿ ಎಣ್ಣೆ ಕೈ ಮೇಲೆತ್ತಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಇಷ್ಟು ದಿನ ನೆನಪಾಗುತ್ತಿದ್ದದ್ದು ಆಸ್ಪತ್ರೆಯ ಮುಖ. ಇವತ್ತು ಬಂದದ್ದು ಇಪ್ಪತ್ತೆಂಟು ವರ್ಷದ ಅರ್ಧ ಮೀಸೆಯ ಹುಡುಗ.

ಇಷ್ಟು ದಿನ ಪೂಜೆಗೆ ಕೂತರೆ ಇವರೇ ಬಂದು ಕೂರುತ್ತಿದ್ದರು, ಶಿವನಿಗೆ ಜಾಗವಿರಲಿಲ್ಲ. ಈಗ ಇಬ್ಬರೂ ಅವರವರ ಹೊತ್ತಿಗೆ ಬರುತ್ತಾರೆ. ನಾನು ಇಬ್ಬರಿಗೂ ಮನೆಯಲ್ಲಿದ್ದೇನೆ.

ಸಾಕಿನ್ನು, ಕೈಗೆ ಅಂಟು ಹತ್ತಿ ಪೆನ್ನು ಬಿಡುತ್ತಿಲ್ಲ.

ನಿಮ್ಮ,
ಬಸಮ್ಮ